ಹನ್ನೊಂದೂವರೆ ಜನ

ಪುಂತಾ ಅರೇನಾಸ್‌ನಲ್ಲಿ ಪೋಸ್ಟರು ಅಂಟಿಸುವುದೆಂದರೆ
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು,
ಗಾದೆಯಲ್ಲ, ನಿಜವಾಗಿಯೂ.
ಮೈದಾಹಿಟ್ಟಿನ ಅಂಟು ಕಾಯಿಸಿ, ಬಕೆಟ್ಟಿನಲ್ಲಿ ಹೊತ್ತು
ನಾನೂ ಯಾಸ್ನಾಳೂ ಗೋಡೆಗೋಡೆ ಅಲೆದೆವು.
ಮೊದಲ ಮೂಲೆ ಒತ್ತುವಷ್ಟರಲ್ಲಿ
ನಾಲ್ಕನೆಯ ಮೂಲೆ ಬಿಡಿಸಿಕೊಂಡು ಕೆನ್ನೆಗೆ ಬಾರಿಸುತ್ತಿತ್ತು.
ನಲವತ್ತರಲ್ಲಿ ಬೆಳಗಿಗೆ ಉಳಿದದ್ದು ಆರು.
ಮಿಕ್ಕವು ಜಲಸಂಧಿ ದಾಟಿ
ನಮಗಿಂತ ಮೊದಲೇ ಟೂರಿಗೆ ಹೊರಟಿದ್ದವು.

ನಮ್ಮ ಹತ್ತಿರ ಇದ್ದದ್ದು ಒಂಬತ್ತು ಹಾಡು,
ಅದರಲ್ಲಿ ಎರಡಕ್ಕೆ ಕೊನೆಯಿರಲಿಲ್ಲ.
ಏಡಿ ಕಾರ್ಖಾನೆಯ ಪಾಳಿ ಮುಗಿಸಿ ಬರುವ ಡ್ರಮ್ಮರ್ ಒಯಾರ್ಸೊ,
ಎಷ್ಟು ಕೈ ತೊಳೆದರೂ ಅವನ ಕಡ್ಡಿಗಳಿಗೆ ಏಡಿಯ ವಾಸನೆ.
ಮತ್ತು ನನ್ನದೊಂದು ನೋಟ್‌ಬುಕ್ಕು,
ಬಂದವರ ಲೆಕ್ಕಕ್ಕೆ.

ಮೊದಲ ಶೋ, ಬಿಲಿಯರ್ಡ್ಸ್ ಬಾರಿನ ಹಿಂಬದಿ: ಏಳು.
ಮೂವರು ನಮ್ಮ ತಾಯಂದಿರು.
ಒಬ್ಬ ಟಾಯ್ಲೆಟ್ ಹುಡುಕುತ್ತ ಬಂದವನು. ಅವನನ್ನೂ ಬರೆದೆ.
ಎರಡನೆಯದು: ನಾಲ್ಕು.
ತಾಯಂದಿರಿಗೆ ಆವತ್ತು ಶೀತ.

ಬಾರಿನವರದೆಲ್ಲ ಒಂದೇ ಪ್ರಶ್ನೆ:
ಎಷ್ಟು ಜನರನ್ನು ಕರೆತರುತ್ತೀರಿ?
ಏನು ನುಡಿಸುತ್ತೀರಿ ಎಂದು ಯಾರೂ ಕೇಳಲಿಲ್ಲ.
ಜನ ಬಂದರೆ ಜಾಗ ಕೊಡುತ್ತಾರೆ, ಜಾಗ ಸಿಕ್ಕರೆ ಜನ ಬರುತ್ತಾರೆ.
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡುವುದಿಲ್ಲ.

ಕೊನೆಗೆ ಜಾಗ ಕೊಟ್ಟದ್ದು ಅಗ್ನಿಶಾಮಕ ದಳ.
ಇಲ್ಲಿ ಬೆಂಕಿ ಆರಿಸುವವರಿಗೆ ಸಂಬಳವಿಲ್ಲ;
ರೊಟ್ಟಿ ಸುಡುವವನು, ಗಣಿತದ ಮೇಷ್ಟ್ರು, ಹಲ್ಲಿನ ಡಾಕ್ಟರು,
ಸೈರನ್ ಕೂಗಿದರೆ ಬಾಯಿ ತೆರೆದ ರೋಗಿಯನ್ನು ಹಾಗೇ ಬಿಟ್ಟು ಓಡುವವರು.
ಬಾಡಿಗೆ ಬೇಡ, ಎಂದಳು ಕ್ಯಾಪ್ಟನ್ ಹೆರ್ತ್ರೂದಿಸ್,
ಹೊಸ ನೀರಿನ ಪೈಪಿಗಾಗಿ ಲಾಟರಿ ಇಟ್ಟಿದ್ದೇವೆ,
ಚೀಟಿ ಎತ್ತುವ ಮುಂಚೆ ನುಡಿಸಿ.
ಆದರೆ ನಿಮ್ಮಲ್ಲೊಬ್ಬರು ದಳಕ್ಕೆ ಸೇರಬೇಕು.
ನಾವೆಲ್ಲ ಒಯಾರ್ಸೊನ ಮುಖ ನೋಡಿದೆವು.

ಆ ರಾತ್ರಿ ಐವತ್ತೆರಡು!
ಬರೆಯುವಾಗ ಪೆನ್ನು ನಡುಗಿತು.
ಅವರು ಬಂದದ್ದು ಬಹುಮಾನದ ಅರ್ಧ ಕುರಿಗೆ.
ಗೊತ್ತಿದ್ದೂ ಬರೆದೆ.

ಮೂರನೆಯ ಹಾಡಿನ ನಡುವೆ ಏನೋ ಕಿರುಚಿತು.
ಆಂಪ್ಲಿಫೈಯರೆಂದು ಯಾಸ್ನಾ ಅದನ್ನು ಕಾಲಲ್ಲಿ ಒದ್ದಳು.
ಅದು ಸೈರನ್.
ಕುರ್ಚಿಗಳು ಉರುಳಿದವು, ಹೆಲ್ಮೆಟ್ಟುಗಳು ಗೋಡೆ ಬಿಟ್ಟವು.
ಕಡ್ಡಿಗಳನ್ನು ನನ್ನ ಕೈಗೆ ತುರುಕಿ
ಒಯಾರ್ಸೊ ಕೆಂಪು ಲಾರಿಯ ಹಿಂದೆ ಓಡಿದ,
ಒಂದು ಬೂಟು ಹಾಕಿಕೊಂಡು, ಒಂದು ಹಿಡಿದುಕೊಂಡು.

ಬಾಗಿಲು ಬಡಿಯುತ್ತಿತ್ತು. ಉಳಿದವರನ್ನು ಎಣಿಸಿದೆ:
ಹೆಣಿಗೆ ಹಿಡಿದ ಹೆಂಗಸರು, ಗಂಡಂದಿರನ್ನು ಕಾಯುವವರು;
ಒಬ್ಬ ಮಗು, ಬಸ್ಸಿನವರ ಲೆಕ್ಕದಲ್ಲಿ ಅರ್ಧ;
ಮತ್ತು ಲಾರಿ ಡ್ರೈವರ್ ಬಹಾಮೊಂದೆ, ಕೈಯಲ್ಲಿ ನಮ್ಮದೇ ಪೋಸ್ಟರು.
ಕಡಲ ರಸ್ತೆಯಲ್ಲಿ ಇದು ಗಾಜಿಗೆ ಬಂದು ಅಂಟಿತು,
ಸತ್ತೇ ಹೋಗುತ್ತಿದ್ದೆ, ಎಂದ.
ಬೈಯಲು ಬಂದೆ. ಬೈಯಬೇಕಾದ್ದು ಯಾರನ್ನು?

ಎಲ್ಲರನ್ನೂ, ಎಂದಳು ಯಾಸ್ನಾ. ಹಾಡಾದ ಮೇಲೆ.
ಮೈಕು ಬದಿಗಿಟ್ಟು ಕುರ್ಚಿಗಳನ್ನು ಹತ್ತಿರ ಎಳೆದಳು.

ಡ್ರಮ್ಮಿಲ್ಲದ ಹಾಡು ಹಲ್ಲಿಲ್ಲದ ಬಾಯಿಯಂತೆ ಜೊಲ್ಲು ಸುರಿಸಿತು.
ತಡೆಯಲಾರದೆ ಬಹಾಮೊಂದೆ ಮೇಜು ಬಡಿಯತೊಡಗಿದ,
ತಾಳ ತಪ್ಪಿ ತಪ್ಪಿ, ಗುಂಡಿಬಿದ್ದ ದಾರಿಯ ಲಾರಿಯಂತೆ;
ನಾವು ಅವನ ಹಿಂದೆಯೇ ಹೋದೆವು, ಬೇರೆ ದಾರಿಯಿರಲಿಲ್ಲ.
ಕೊನೆಯಿಲ್ಲದ ಆ ಎರಡು ಹಾಡುಗಳು
ಆವತ್ತು ಉಪಯೋಗಕ್ಕೆ ಬಂದವು.

ಒಂದೂವರೆಗೆ ದಳ ವಾಪಸು ಬಂತು, ಮಸಿ ಮುಖ, ಹಸಿದ ಹೊಟ್ಟೆ.
ಸುಟ್ಟದ್ದು ಒಂದು ಸೌದೆ ಶೆಡ್ಡು, ಜೀವಹಾನಿಯಿಲ್ಲ.
ಲಾಟರಿಯ ಕುರಿ ಹಲ್ಲಿನ ಡಾಕ್ಟರಿಗೆ ಬಂತು.
ಯಾರಿಗೂ ಹಾಡು ಬೇಕಿರಲಿಲ್ಲ, ಸೂಪು ಬೇಕಿತ್ತು.

ಐವತ್ತೆರಡನ್ನು ಹೊಡೆದು ಹಾಕಿ
ಹನ್ನೊಂದೂವರೆ ಎಂದು ಬರೆದೆ.
ಬಹಾಮೊಂದೆ ಭುಜದ ಮೇಲಿಂದ ಇಣುಕಿ, ನಾನು ಅರ್ಧವೋ, ಎಂದು ಕೇಳಿದ.
ಆಮೇಲೆ ಬೈಯುವುದನ್ನು ಮರೆತು
ಹತ್ತು ಪೋಸ್ಟರು ಕೊಡು ಎಂದ, ಮುಂದಿನ ಸಲದ್ದು.

ಗಾಜಿಗೆ ಅಂಟಿಸುತ್ತೇನೆ.
ಒಳಗಿನಿಂದ.